ಅಂಕಿ ಅಳಿಸಿಹೋದ ಹಣತೆ

ಹೋದ ವಾರ, ಇಲ್ಲಿ ಮಲೇಷ್ಯಾದಲ್ಲಿ, ನಮ್ಮ ಕಡೆಯ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹುಣಸೆಹಣ್ಣು, ಕರಿಬೇವು ತರಲು ಹೋಗಿದ್ದೆ. ಅಂಗಡಿಯ ಹೆಂಗಸು ಬಾಗಿಲ ಮುಂದೆ ಬ್ಲೀಚಿಂಗ್ ನೀರು ಚೆಲ್ಲಿ ಪೊರಕೆಯಿಂದ ಉಜ್ಜುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಬುಟ್ಟಿಯನ್ನು ಅಲ್ಲೇ ಇಟ್ಟು ರಸ್ತೆಗೆ ಬಂದು ನಿಂತೆ. ಅವಳು ಹಿಂದೆಯೇ ಬಂದು ತಮಿಳಿನಲ್ಲಿ, "ಏನಾಯ್ತಮ್ಮಾ, ತಲೆ ಸುತ್ತುತ್ತಾ?" ಎಂದು ಕೇಳಿದಳು. ಏನಿಲ್ಲ ಎಂದೆ. ಏನಿಲ್ಲ ಎಂದದ್ದು ಶುದ್ಧ ಸುಳ್ಳು. ಆ ವಾಸನೆಯ ಜೊತೆಗೆ ಪಕ್ಕದ ಮನೆಯ ಜರ್ಮನ್ ಅಜ್ಜ ಬಂದು ನಿಂತಿದ್ದರು, ಒದ್ದೆ ಕೈ ಚಾಚಿಕೊಂಡು...

ಸುಬಾಂಗ್ ಜಯಾದ ಸಾಲುಮನೆಗೆ ನಾವು ಬಂದಾಗ ಮೊದಲು ಮಾತಾಡಿಸಿದವರು ಅವರೇ. ಎರಡು ಮನೆಗಳ ನಡುವೆ ಸೊಂಟದೆತ್ತರದ ಗೋಡೆ. ಆಚೆ ಅವರ ಪೋರ್ಚು, ಈಚೆ ನಮ್ಮದು. ಪ್ರಾಯದಲ್ಲಿ ರಬ್ಬರ್ ಕಾರ್ಖಾನೆಗೆ ಯಂತ್ರ ಜೋಡಿಸಿಕೊಡಲು ಬಂದು, ನರ್ಸಾಗಿದ್ದ ತಮಿಳು ಹುಡುಗಿಯೊಬ್ಬಳನ್ನು ಮದುವೆಯಾಗಿ ಇಲ್ಲೇ ಉಳಿದುಬಿಟ್ಟವರು. ನಾವು ಬರುವ ಹೊತ್ತಿಗೆ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಹೆಂಡತಿಯಿಂದ ಕಲಿತ ತಮಿಳಿನಲ್ಲಿ ನನ್ನನ್ನು 'ತಂಗಚ್ಚಿ' ಎನ್ನುತ್ತಿದ್ದರು. ಉಳಿದದ್ದೆಲ್ಲ ಇಂಗ್ಲಿಷ್, ಅದರ ಬಾಲಕ್ಕೆ ಇಲ್ಲಿಯವರ ಹಾಗೆ ಒಂದು 'ಲಾ'. ನಾನು ಅಂಕಲ್ ಅನ್ನುತ್ತಿದ್ದೆ. ನನ್ನ ಮಗಳು ಮಾತ್ರ ಅಜ್ಜ ಎಂದಳು. ಅವಳ ಬಾಯಿಂದ ಬರುತ್ತಿದ್ದ ನಾಲ್ಕಾರು ಕನ್ನಡ ಪದಗಳಲ್ಲಿ ಅದೂ ಒಂದಾಗಿತ್ತು.

ಅವರ ಮನೆಯ ಕಪಾಟಿನಲ್ಲಿ ಒಂದು ಮಣ್ಣಿನ ಹಣತೆ ಇತ್ತು. ನಮ್ಮ ದೀಪಾವಳಿಯ ಹಣತೆಗಿಂತ ಸ್ವಲ್ಪ ದೊಡ್ಡದು, ಮೇಲ್ಭಾಗ ಮುಚ್ಚಿದ್ದು, ಬತ್ತಿ ಇಡುವ ಮೂತಿಯ ಅಂಚು ಚಕ್ಕೆ ಎದ್ದದ್ದು. ರೋಮನರ ಕಾಲದ್ದಂತೆ. ಆ ಮುಕ್ಕನ್ನು ತೋರಿಸಿ, ಇದು ಕುಡಿದ ಮತ್ತಿನಲ್ಲಿದ್ದ ಯಾವನೋ ರೋಮನ್ ಸಿಪಾಯಿಯ ಕೆಲಸ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ತಳದಲ್ಲಿ ಇಂಡಿಯನ್ ಇಂಕಿನಲ್ಲಿ ಬರೆದ ಪುಟಾಣಿ ಅಂಕಿ. ಅವರ ಹೆಂಡತಿ ಮದುವೆಯಾದ ವರ್ಷ ದೀಪಾವಳಿಗೆ ಅದಕ್ಕೇ ಎಣ್ಣೆ ಹೊಯ್ದು ಹಚ್ಚಲು ಹೋಗಿ, ಮನೆಯಲ್ಲಿ ದೊಡ್ಡ ರಾಮಾಯಣವೇ ಆಗಿತ್ತಂತೆ. ನನ್ನ ಮಗಳು ಒಮ್ಮೆ ಮಾವಿನಹಣ್ಣು ತಿಂದ ಕೈಯಲ್ಲಿ ಅದನ್ನು ಮುಟ್ಟಹೋದಾಗ, ಎಂದೂ ದನಿ ಎತ್ತದ ಮನುಷ್ಯ ಕೂಗಿಬಿಟ್ಟಿದ್ದರು. ಒದ್ದೆ ಕೈ ತಾಗಿಸಬಾರದು, ಅಂಕಿ ಹೋದರೆ ವಸ್ತು ಸತ್ತ ಹಾಗೆ ಎಂದು ಆಮೇಲೆ ಅವಳಿಗೆ ಬಿಸ್ಕತ್ತು ಕೊಟ್ಟು ತಿಳಿಸಿ ಹೇಳಿದರು.

ಆ ಅಂಕಿ ಅವರ ಊರಿನ ಪ್ರಾಚ್ಯವಸ್ತು ಸಂಘದ್ದು. ಸಂಘದ ಕಥೆಯನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ನೋಡದ ಊರಿನ ಬೀದಿಗಳು ನನಗೆ ಉಡುಪಿಯ ರಥಬೀದಿಯಷ್ಟೇ ಗೊತ್ತಾಗಿದ್ದವು. ಅವರ ಮುತ್ತಜ್ಜನ ಕಾಲದಲ್ಲಿ ಊರಿಗೆ ರೈಲು ಬಂತು. ಹಳಿ ಹಾಕಲು ನೆಲ ಅಗೆದಾಗ ಹಳೆಯ ಮಡಕೆ, ನಾಣ್ಯ, ಎಲುಬು ಎದ್ದು ಬಂದವು. ಊರಿನ ಪಡ್ಡೆಗಳು ಮಡಕೆಗಳನ್ನು ಸಾಲಾಗಿ ಇಟ್ಟು ಕಲ್ಲು ಹೊಡೆಯುವ ಆಟಕ್ಕೆ ನಿಂತರು. ಇದನ್ನು ನೋಡಲಾಗದೆ ಔಷಧದಂಗಡಿಯವನು, ಪಾದ್ರಿ ಮತ್ತು ಬಿಯರ್ ಕಾಯಿಸುವವನು ಸೇರಿ ಸಂಘ ಕಟ್ಟಿದರು. ಒಂದು ಛತ್ರದ ಹಿಂದಿನ ಕೋಣೆಯಲ್ಲಿ ಸಭೆ. ಮೊದಲ ವರ್ಷವೇ ಯಾರೋ ತಂದುಕೊಟ್ಟ ರೋಮನ್ ನಾಣ್ಯವೊಂದನ್ನು ಮೆರವಣಿಗೆ ಮಾಡಿ ಒಳಗೆ ತಂದರು. ಅದು ಆ ಪುಣ್ಯಾತ್ಮ ತಾನೇ ಎರಕ ಹೊಯ್ದು ಗೊಬ್ಬರದಲ್ಲಿ ಹೂತಿಟ್ಟಿದ್ದ ನಾಣ್ಯ. ಪಕ್ಕದ ಊರಿನವರು ವರ್ಷಗಟ್ಟಲೆ ನಕ್ಕರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ, ಆಮೇಲೆ ಅವರು ಒಂದು ಕಟ್ಟಳೆ ಮಾಡಿಕೊಂಡರು.

ಯಾವ ವಸ್ತುವಿನ ಬಗ್ಗೆಯೂ ಒಬ್ಬನ ಮಾತು ನಡೆಯದು, ಬಲ್ಲವರು ಇಬ್ಬರು ಬೇಕು. ಪ್ರತಿ ಚಳಿಗಾಲದ ಸಭೆಯಲ್ಲಿ ವಸ್ತುಗಳನ್ನು ಮೇಜಿನ ಮೇಲೆ ಇಟ್ಟು ಮೂರು ಪ್ರಶ್ನೆ ಕೇಳುತ್ತಾರೆ: ಎಲ್ಲಿ ಸಿಕ್ಕಿತು? ಯಾರಿಗೆ ಸಿಕ್ಕಿತು? ಯಾರ ಮನೆಯಲ್ಲಿತ್ತು? ಇಬ್ಬರೂ ಬಾಯಿಬಿಟ್ಟು, ಗಟ್ಟಿಯಾಗಿ ಉತ್ತರ ಹೇಳಬೇಕು. ಒಬ್ಬರಿಗೊಬ್ಬರು ಸುಳಿವು ಕೊಡುವಂತಿಲ್ಲ. ವಸ್ತು ಕೈ ಬದಲಾಗುವಾಗಲೂ ಇದೇ ಕ್ರಮ, ಕೈಯಿಂದ ಕೈಗೆ. ನನಗೆ ಇದು ದೊಡ್ಡವರು ಮಾಡುವ ಮಕ್ಕಳಾಟ ಅನ್ನಿಸಿತ್ತು, ಹಾಗೆಂದು ಹೇಳಿಯೂ ಇದ್ದೆ. ಅವರು ಬೇಸರಪಡಲಿಲ್ಲ.

ಹಣತೆ ಸಿಕ್ಕಿದ್ದು ರೈಲುಹಳಿಯ ಪಕ್ಕದ ಬಾರ್ಲಿ ಹೊಲದಲ್ಲಿ, ಸಂಘದ ಸದಸ್ಯನಾಗಿದ್ದ ಧಾನ್ಯದ ವ್ಯಾಪಾರಿಯೊಬ್ಬನಿಗೆ. ಬೀದಿಯ ಮಕ್ಕಳಿಗೆಲ್ಲ ಅವನು ಯೂಲಿಯುಸ್ ಮಾಮ. ಯೆಹೂದಿ. ಹಿಟ್ಲರನ ಕಾಲ ಬಂದಾಗ ಸಂಘದವರು ಒಂದು ಸಂಜೆ ಸಭೆ ಸೇರಿ ಅವನ ಹೆಸರನ್ನು ಕಿತ್ತುಹಾಕಿದರು. ಸದಸ್ಯರ ಸಾಲಿನಿಂದಷ್ಟೇ ಅಲ್ಲ, ವಸ್ತುಗಳ ಪಟ್ಟಿಯಲ್ಲಿ 'ಸಿಕ್ಕಿದ್ದು ಯಾರಿಗೆ' ಎಂಬಲ್ಲಿಯೂ ಬ್ಲೇಡಿನಿಂದ ಕೆರೆದರು. ತನ್ನ ಬಳಿಯೇ ಇದ್ದ ಹಣತೆಯನ್ನು ಯೂಲಿಯುಸ್ ಮಾಮ ಅಂಕಲ್‌ನ ಅಪ್ಪನ ಕೈಗೆ ಕೊಟ್ಟ. ಕೆಲವು ದಿನಗಳ ಮೇಲೆ ಅವನನ್ನು ಕರೆದೊಯ್ದರು. ಆಗ ಅಂಕಲ್ ಪುಟ್ಟ ಹುಡುಗ. ಅಮ್ಮ ಕಿಟಕಿಯ ಪರದೆ ಎಳೆದು, ಆ ಹೆಸರು ಇನ್ನು ಬಾಯಲ್ಲಿ ಬರಬಾರದು ಎಂದು ಕಿವಿ ಹಿಂಡಿ ಹೇಳಿದಳಂತೆ...

ಯುದ್ಧ ಮುಗಿದ ಮೇಲೆ ಸಂಘ ಮತ್ತೆ ಎದ್ದಿತು. ಬಾಂಬಿನ ಭಯಕ್ಕೆ ಮನೆಮನೆಯ ಹಿಟ್ಟಿನ ಡಬ್ಬಗಳಲ್ಲಿ ಬಚ್ಚಿಟ್ಟಿದ್ದ ವಸ್ತುಗಳು ಅಂಕಿಯ ಪ್ರಕಾರ ಒಂದೊಂದಾಗಿ ಮರಳಿದವು. ಹಣತೆ ಕೊಡಿ ಎಂದು ಅಪ್ಪನನ್ನು ಕೇಳಿದರು. ಮೊದಲು ಹೆಸರು ಹೇಳಿ, ಆಮೇಲೆ ಕೊಡುತ್ತೇನೆ ಎಂದ ಅಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂಥವರೇ ಕುರ್ಚಿಗಳಲ್ಲಿ ಕೂತಿದ್ದರು, ಅವರಿಗೆ ಕೋಪ ಬಂತು. ಹಣತೆ ಅಪ್ಪನ ಬಳಿಯೇ ಉಳಿದು, ಮಗನ ಜೊತೆ ಮಲೇಷ್ಯಾಕ್ಕೆ ಬಂತು. ಆ ಮುದುಕರೆಲ್ಲ ಸತ್ತು, ಹೊಸಬರು ಬಂದು, ಸಂಘದ ಚರಿತ್ರೆಯನ್ನು ನೆಟ್ಟಗೆ ಬರೆಯೋಣ ಎಂದು ಹೊರಟಾಗ ಅವರ ಕಾರ್ಯದರ್ಶಿ, ಒಬ್ಬ ಹುಡುಗಿ, ಅಂಕಲ್‌ನನ್ನು ಹುಡುಕಿದಳು. ಹಣತೆ ತನ್ನಿ, ಅಂಕಿ ನೋಡೋಣ, ಇಬ್ಬರು ಸಾಕ್ಷಿ ಹೇಳಿದರೆ ಹೆಸರನ್ನು ಇದ್ದ ಜಾಗದಲ್ಲೇ ಬರೆಯೋಣ ಎಂದಳು. ಅಂಕಲ್ ಟಿಕೆಟ್ ತೆಗೆಸಿದರು. ಆ ಕೋಣೆಯಲ್ಲಿ ನಿಂತು ತಾನೇ ಉತ್ತರ ಹೇಳಬೇಕು ಎಂಬುದೊಂದೇ ಅವರ ಆಸೆ. ಹೊಸ ಕೋಟು ಹೊಲಿಸಿಕೊಂಡು ಗೋಡೆಯಾಚೆ ನಿಂತು ನನಗೆ ತೋರಿಸಿದ್ದರು.

ಅಷ್ಟರಲ್ಲಿ ಎಂಸಿಒ ಬಂತು. ಇಲ್ಲಿ ಲಾಕ್‌ಡೌನಿಗೆ ಹಾಗೆನ್ನುತ್ತಿದ್ದರು. ವಿಮಾನಗಳು ನಿಂತವು, ರಸ್ತೆಗೆ ಅಡ್ಡಗಟ್ಟೆ ಬಿತ್ತು, ಮನೆಗೊಬ್ಬರು ಮಾತ್ರ ಸಾಮಾನಿಗೆ ಹೊರಗೆ ಹೋಗಬಹುದಿತ್ತು. ನಾನು ಮಣಿಪಾಲದಲ್ಲಿ ಓದಿ ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೊಬಯಾಲಜಿ ಪಾಠ ಹೇಳುವವಳು. ಓದಿದವಳಿಗೆ ಧೈರ್ಯ ಇರುತ್ತದೆ ಅಂದುಕೊಂಡರೆ ತಪ್ಪು. ಏನೇನು ಆಗಬಹುದೆಂದು ಬಲ್ಲವಳಿಗೆ ನಿದ್ದೆಯೇ ಇರಲಿಲ್ಲ. ಗಂಡ ಸೈಬರ್‌ಜಯಾದ ಡೇಟಾ ಸೆಂಟರಿನಲ್ಲೇ ಮಲಗಿ ಕೆಲಸ ಮಾಡುತ್ತಿದ್ದರು. ಮಗಳು ಕೆಮ್ಮಿದರೆ ಥರ್ಮಾಮೀಟರ್ ಹಿಡಿದು ಓಡುತ್ತಿದ್ದೆ. ಹಾಲಿನ ಡಬ್ಬ, ಬಾಳೆಹಣ್ಣು, ಬೀಗದಕೈ, ಎಲ್ಲವನ್ನೂ ತೊಳೆದೆ. ಬೀದಿಗೆ ಬೀದಿಯೇ ತೊಳೆಯುತ್ತಿತ್ತು.

ಎದುರು ಮನೆಯಲ್ಲಿ ಒಬ್ಬರಿಗೆ ಸೋಂಕು ಬಂತು. ಬಿಳಿಯ ಸೂಟಿನವರು ಬಂದು ಗೇಟಿಗೆಲ್ಲ ಔಷಧ ಹೊಡೆದು ಹೋದರು. ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಬ್ಲೀಚಿನ ವಾಸನೆ ಗಪ್ಪೆಂದು ಬಂತು. ಅಂಕಲ್ ಬಕೆಟ್ ಇಟ್ಟುಕೊಂಡು ಪೋರ್ಚಿನಲ್ಲಿ ಕೂತಿದ್ದರು. ಚಮಚ, ಕನ್ನಡಕ, ಬಾಗಿಲ ಹಿಡಿಕೆ, ರೇಡಿಯೊ, ಎಲ್ಲ ಒರಸಿ ಬಿಸಿಲಿಗಿಟ್ಟಿದ್ದರು. ನೋಡಿದರೆ ಅವುಗಳ ನಡುವೆ ಹಣತೆ. ದಿನಾ ಬೆಳಿಗ್ಗೆ ಅದನ್ನು ಕೈಯಲ್ಲಿ ಹಿಡಿದು ಆ ಮೂರು ಉತ್ತರಗಳನ್ನು ಒಪ್ಪಿಸಿಕೊಳ್ಳುವುದು ಅವರ ರೂಢಿ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತನ್ನ ಕೈ ತಾಗುವುದು ಅದಕ್ಕೇ, ಹಾಗಾಗಿ ಎಲ್ಲಕ್ಕಿಂತ ಚೆನ್ನಾಗಿ ತೊಳೆಯಬೇಕಾದದ್ದೂ ಅದನ್ನೇ ಎಂದು ಅವರ ಹೆದರಿದ ತಲೆ ಲೆಕ್ಕ ಹಾಕಿತ್ತು. ಸೋಪು ಹಾಕಿ, ಬ್ರಷ್ಷಿನಲ್ಲಿ ತಿಕ್ಕಿದ್ದರು.

ನಾನು ನೋಡುತ್ತಿದ್ದ ಹಾಗೆಯೇ ಅವರು ಅದನ್ನು ಮಗುಚಿದರು. ತಳ ಬೋಳಾಗಿತ್ತು. ಕೈಯನ್ನು ನನ್ನತ್ತ ಚಾಚಿ, "ತಂಗಚ್ಚಿ, ನಾನೇನು ಮಾಡಿದೆ?" ಎಂದರು. ಮಗಳು ಕಿಟಕಿಯಿಂದ, "ಅಮ್ಮಾ, ಅಜ್ಜ ಈಸ್ ಕ್ರೈಯಿಂಗ್" ಎಂದಳು. ಗೋಡೆ ಹಾರಿ ಹೋಗಿ ಅವರ ಹೆಗಲು ಹಿಡಿಯಬೇಕು ಅನ್ನಿಸಿತು. ಹೋಗುವಂತಿರಲಿಲ್ಲ.

ಅಂಕಿ ಅವರಿಗೆ ಬಾಯಿಪಾಠವಿತ್ತು. ಮತ್ತೆ ಬರೆದರಾಯಿತು ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಆ ಖೋಟಾ ನಾಣ್ಯದ ಮನುಷ್ಯ ನಾನೇ ಆಗಿಬಿಟ್ಟಿದ್ದೆ. ಇನ್ನು ಉಳಿದದ್ದು ಸಾಕ್ಷಿ ಮಾತ್ರ. ಹಣತೆಯನ್ನೂ ಯೂಲಿಯುಸ್ ಮಾಮನನ್ನೂ ಕಣ್ಣಾರೆ ಕಂಡವರು ಜಗತ್ತಿನಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬರು ಇವರು. ಇನ್ನೊಬ್ಬಳು ಅವರ ಬೀದಿಯ ಬೇಕರಿಯವನ ಮಗಳು, ಇವರದೇ ವಯಸ್ಸು, ಈಗ ಅದೇ ಊರಿನ ವೃದ್ಧಾಶ್ರಮದಲ್ಲಿ. ಅಂಥ ಆಶ್ರಮಗಳಲ್ಲಿ ಜನ ಹೇಗೆ ಸಾಯುತ್ತಿದ್ದಾರೆಂದು ಟಿವಿಯಲ್ಲಿ ದಿನಾ ತೋರಿಸುತ್ತಿದ್ದರು. ಫೋನ್ ಮಾಡಿ ಎಂದರೆ ಅಂಕಲ್ ನಾಳೆ ಅನ್ನುತ್ತಿದ್ದರು. ಅವಳು ಇಲ್ಲ ಎಂಬ ಮಾತು ಕೇಳಬೇಕಾದೀತು ಎಂದು ಅವರಿಗೆ ಪ್ರಾಣಭಯಕ್ಕಿಂತ ದೊಡ್ಡ ಭಯ. ವಾರಗಳು ಕಳೆದವು. ಕೊನೆಗೆ ಕಾರ್ಯದರ್ಶಿ ಹುಡುಗಿಯೇ ವಿಚಾರಿಸಿ ತಿಳಿಸಿದಳು: ಇದ್ದಾಳೆ, ನೆನಪು ಬಂದು ಹೋಗಿ ಮಾಡುತ್ತದೆ, ನರ್ಸ್ ವಿಡಿಯೊ ಹಿಡಿಯುತ್ತಾಳೆ.

ಇಲ್ಲಿ ಮಧ್ಯಾಹ್ನ, ಅಲ್ಲಿ ಬೆಳಗು. ಮಗಳ ಶಾಲೆಯ ಟ್ಯಾಬ್ಲೆಟ್ ಅನ್ನು ಗೋಡೆಯ ಮೇಲೆ ಡಬ್ಬಕ್ಕೆ ಒರಗಿಸಿ ಇಟ್ಟೆ. ಅವರು ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆ ಹೊಸ ಕೋಟು ತೊಟ್ಟು, ಮಾಸ್ಕ್ ಹಾಕಿ ಕೂತರು. ಸೆಕೆಗೆ ಬೆವರು ಇಳಿಯುತ್ತಿತ್ತು. ಪರದೆಯಲ್ಲಿ ಒಂದು ಚೌಕದಲ್ಲಿ ಕಾರ್ಯದರ್ಶಿ, ಇನ್ನೊಂದರಲ್ಲಿ ದಿಂಬಿನ ಮೇಲೆ ಒಂದು ಬೆಳ್ಳನೆಯ ಸಣ್ಣ ಮುಖ. ನನಗೆ ಜರ್ಮನ್ ಬಾರದು. ಆಡಿದ್ದೇನೆಂದು ಅವರೇ ಆಮೇಲೆ ಬಿಡಿಸಿ ಹೇಳಿದ್ದು. ಮೊದಲಿಗೆ ಆಕೆ ಇವರನ್ನು ಇವರ ಅಪ್ಪ ಅಂದುಕೊಂಡು, ಬ್ರೆಡ್ಡು ಇನ್ನೂ ಬೆಂದಿಲ್ಲ, ಆಮೇಲೆ ಬನ್ನಿ ಎಂದಳಂತೆ. ಅಂಕಲ್ ಹಣತೆಯನ್ನು ಕ್ಯಾಮೆರಾಕ್ಕೆ ಹಿಡಿದರು.

ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು. ಬೆರಳಿನಿಂದ ಮೂತಿಯ ಮುಕ್ಕನ್ನು ತೋರಿಸಿ, "ಅದು ನಾನು ಬೀಳಿಸಿದ್ದು. ಅವರು ನನ್ನ ಅಮ್ಮನಿಗೆ ಹೇಳಿಕೊಡಲೇ ಇಲ್ಲ" ಎಂದಳು. ರೋಮನ್ ಸಿಪಾಯಿಯ ಕಥೆ ಅಲ್ಲಿಗೆ ಮುಗಿಯಿತು. ಅಂಕಲ್ ಕಣ್ಣು ಪಿಳಿಪಿಳಿ ಬಿಟ್ಟರು. ಎಲ್ಲಿ ಸಿಕ್ಕಿತು ಎಂದು ಕಾರ್ಯದರ್ಶಿ ಕೇಳಿದಳು. ಹಳಿಯ ಪಕ್ಕದ ಬಾರ್ಲಿ ಹೊಲದಲ್ಲಿ ಎಂದಳು ಮುದುಕಿ. ಯಾರಿಗೆ ಸಿಕ್ಕಿತು?

ಮುಖದ ನಗು ನಂದಿತು. ಕಣ್ಣುಗಳು ಪಕ್ಕಕ್ಕೆ ಹೊರಳಿದವು. ಬಾಗಿಲು ಹಾಕಿದೆಯಾ ಎಂದು ನರ್ಸನ್ನು ಕೇಳಿದಳು. ನರ್ಸ್ ಎದ್ದುಹೋಗಿ ಹಾಕಿ ಬಂದಳು. ಕಿಟಕಿ? ಅದನ್ನೂ ಹಾಕಿದ್ದಾಯಿತು. ಆಮೇಲೂ ಅವಳ ತುಟಿ ಅಲುಗಿತೇ ಹೊರತು ದನಿ ಬರಲಿಲ್ಲ. ಭಾಷೆ ತಿಳಿಯದ ನನಗೂ ಆ ಹೆದರಿಕೆ ತಿಳಿಯಿತು. ಇಡೀ ಒಂದು ಆಯುಷ್ಯ ಕಳೆದಿತ್ತು, ಹೆದರಿಸಿದವರೆಲ್ಲ ಮಣ್ಣಾಗಿದ್ದರು, ಆದರೂ ಮಗುವಾಗಿದ್ದಾಗ ಕಲಿತ ಭಯ ಆ ಮಂಚದ ಮೇಲೆ ಅವಳೊಂದಿಗೇ ಮಲಗಿತ್ತು. ಕೇಳಿಸಲಿಲ್ಲ ಎಂದು ಕಾರ್ಯದರ್ಶಿ ಮೆತ್ತಗೆ ಹೇಳಿದಳು. ಅಂಕಲ್ ಒಂದು ಅಕ್ಷರ ನುಡಿದಿದ್ದರೆ ಸಾಕಿತ್ತು, ಅವಳು ಹೌದು ಎನ್ನುತ್ತಿದ್ದಳು. ಅವರು ಮಾಸ್ಕಿನ ಮೇಲೆ ಅಂಗೈ ಒತ್ತಿ ಹಿಡಿದು ಕೂತಿದ್ದರು. ಸುಳಿವು ಕೊಡುವಂತಿಲ್ಲವಲ್ಲ... ಹೇಳಿಬಿಡಿ ಮಾರಾಯರೇ, ಯಾರು ನೋಡುತ್ತಾರೆ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಕೇಳಿಸಲಿಲ್ಲ ಎಂದು ಹುಡುಗಿ ಮತ್ತೊಮ್ಮೆ ಹೇಳಿದಳು.

ಮುದುಕಿಗೆ ಸಿಟ್ಟು ಬಂತು. ತಲೆ ಎತ್ತಿ, ಬಾಗಿಲ ಕಡೆಗೇ ನೋಡುತ್ತ ಕೂಗಿದಳು: "ಯೂಲಿಯುಸ್ ಮಾಮ! ಎಲ್ಲರೂ ಕಿವುಡರೇ ನೀವು?"

ನರ್ಸ್ ಬೆಚ್ಚಿ, ಪರದೆ ಅಲ್ಲಾಡಿತು. ಅಂಕಲ್ ಎದ್ದು ನಿಂತು ತನ್ನ ಮೂರು ಉತ್ತರಗಳನ್ನು ಗಟ್ಟಿಯಾಗಿ ಹೇಳಿದರು. ಕೆರೆದ ಜಾಗದಲ್ಲಿ ಹೆಸರು ಬರೆಯುತ್ತೇವೆ, ಆದರೆ ಹಣತೆ ಈ ಕೋಣೆಗೆ ಬಂದ ದಿನ, ಅದೇ ಮೇಜಿನ ಮುಂದೆ ಎಂದಳು ಕಾರ್ಯದರ್ಶಿ. ಆ ಚಳಿಗಾಲದಲ್ಲೇ ಬೇಕರಿಯವನ ಮಗಳು ತೀರಿಕೊಂಡಳು. ಸುದ್ದಿ ಹೇಳುವಾಗ ಅಂಕಲ್‌ನ ಮುಖದಲ್ಲಿ ದುಃಖಕ್ಕಿಂತ ಅವಸರ ಹೆಚ್ಚಾಗಿತ್ತು. ಈಗ ತಾನೊಬ್ಬನೇ. ವಿಮಾನ ಬಿಡುವವರೆಗೆ ಉಸಿರಾಡಿಕೊಂಡಿರಬೇಕು ಎಂದರು. ಗೇಟಿನಿಂದಾಚೆ ಕಾಲಿಡುವುದನ್ನೇ ಬಿಟ್ಟರು. ನಾನು ಹೋಟೆಲಿನಿಂದ ತಪಾವ್ ಎಂದು ಕಟ್ಟಿಸಿ ತಂದ ಊಟದ ಪೊಟ್ಟಣವನ್ನು ಗೋಡೆಯ ಮೇಲಿಟ್ಟು ದೂರ ಸರಿದ ಮೇಲೇ ಬಂದು ಎತ್ತಿಕೊಳ್ಳುತ್ತಿದ್ದರು. ಒಂದು ದಿನ ನನ್ನನ್ನೂ ಮಗಳನ್ನೂ ಗೋಡೆಯ ಬಳಿ ಕರೆದು, ಆ ಉತ್ತರಗಳನ್ನು ನಮಗೂ ಬಾಯಿಪಾಠ ಮಾಡಿಸಿದರು. ಯೂಲಿಯುಸ್ ಮಾಮನ ಮನೆತನದ ಹೆಸರನ್ನು ನಾನು ಸರಿಯಾಗಿ ಉಚ್ಚರಿಸುವವರೆಗೂ ಬಿಡಲಿಲ್ಲ.

ಎರಡನೆಯ ವರ್ಷದ ಅಲೆ ಬಂದಾಗ ಬೀದಿಯಲ್ಲಿ ಆಂಬುಲೆನ್ಸಿನ ಸದ್ದು ನಿಲ್ಲುತ್ತಲೇ ಇರಲಿಲ್ಲ. ಅಷ್ಟು ಜಾಗ್ರತೆಯಾಗಿದ್ದ ಅವರಿಗೆ ಎಲ್ಲಿಂದ ಬಂತೋ, ಇಂದಿಗೂ ಗೊತ್ತಿಲ್ಲ. ಬೆಳಿಗ್ಗೆ ಫೋನಿನಲ್ಲಿ ಅವರ ಉಸಿರು ಕೇಳಿದಾಗಲೇ ನನಗೆ ತಿಳಿಯಿತು. ಆಂಬುಲೆನ್ಸ್ ಕರೆಸಿದೆ. ಬಿಳಿಯ ಸೂಟಿನ ಇಬ್ಬರು ಅವರನ್ನು ಹಿಡಿದು ಪೋರ್ಚಿಗೆ ತಂದರು. ಅವರ ಕೈಯಲ್ಲಿ ಹಣತೆ. ಕೈಯಿಂದ ಕೈಗೆ ಎಂಬ ಕಟ್ಟಳೆಯನ್ನು ಜೀವಮಾನವಿಡೀ ಮೀರದವರು, ನಾನು ಗೋಡೆಯ ಹತ್ತಿರ ಹೋದೊಡನೆ, "ಬರಬೇಡ, ಬರಬೇಡ" ಎಂದು ಕೈಬೀಸಿ, ಅದನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದರು. ಆಮೇಲೆ ಅಲ್ಲೇ ನಿಂತರು. ಸೂಟಿನವರು ಹೊರಡಿ ಎಂದರೂ ಅಲುಗಲಿಲ್ಲ.

ಅವರು ಯಾವುದಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು. ಮಾಸ್ಕನ್ನು ಗಲ್ಲಕ್ಕೆ ಇಳಿಸಿದೆ. ಎಲ್ಲಿ ಸಿಕ್ಕಿತೆಂದು ಹೇಳಿದೆ. ಯೂಲಿಯುಸ್ ಮಾಮನ ಪೂರ್ತಿ ಹೆಸರನ್ನು ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದೆ. ಯಾರ ಮನೆಯಲ್ಲಿತ್ತು ಎಂಬುದಕ್ಕೆ ಅವರ ಅಪ್ಪನ ಹೆಸರು, ಅವರ ಹೆಸರು ಹೇಳಿ ನಿಲ್ಲಿಸಿದೆ. ಅವರು ಇನ್ನೂ ನಿಂತೇ ಇದ್ದರು. ಬಾಗಿಲಲ್ಲಿದ್ದ ಮಗಳು, "ಈಗ ನಮ್ಮ ಮನೆಯಲ್ಲಿ, ಅಜ್ಜ" ಎಂದಳು, ಕನ್ನಡದಲ್ಲಿ. ಅವರಿಗೆ ಆ ಮಾತು ಅರ್ಥವಾಗಲು ಭಾಷೆ ಬೇಕಿರಲಿಲ್ಲ. ತಲೆಯಾಡಿಸಿ ಆಂಬುಲೆನ್ಸ್ ಹತ್ತಿದರು.

ಅವರನ್ನು ಮತ್ತೆ ನೋಡಲಿಲ್ಲ. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ, ಸ್ಮಶಾನಕ್ಕೂ ಬಿಡಲಿಲ್ಲ...

ಗಡಿಗಳು ತೆರೆದ ಮೇಲೆ ಹಣತೆಯನ್ನು ಮಡಿಲಲ್ಲಿಟ್ಟುಕೊಂಡು, ಮಗಳನ್ನು ಕರೆದುಕೊಂಡು ಆ ಊರಿಗೆ ಹೋದೆ. ಛತ್ರದ ಹಿಂದಿನ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಬೆರಳೆಣಿಕೆಯ ಜನ, ಮೇಜಿನ ಮೇಲೆ ಕಾಫಿ. ಪ್ರಶ್ನೆ ಕೇಳಿದರು, ನಾವಿಬ್ಬರೂ ಉತ್ತರ ಹೇಳಿದೆವು. ಕಾರ್ಯದರ್ಶಿ ಹುಡುಗಿ ಕೆರೆದ ಜಾಗದಲ್ಲಿ ಹೆಸರು ಬರೆದಳು. ಎಲ್ಲರೂ ಎದ್ದು ನಿಂತರು. ಇಲ್ಲಿಗೆ ಮರಳಿ ಬಂದು ಇಷ್ಟು ಕಾಲವಾಗಿದೆ, ಪಕ್ಕದ ಮನೆಗೆ ಬಾಡಿಗೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ಆದರೂ ಆ ಕೋಣೆಯಲ್ಲಿ ನನ್ನದೇ ದನಿ ನನಗೆ ಕೇಳಿಸಿದ ರೀತಿಯನ್ನು ಮರೆಯಲಾಗುತ್ತಿಲ್ಲ. ಉಚ್ಚಾರ ತಪ್ಪಲಿಲ್ಲ, ಒಂದು ಮಾತೂ ಬಿಟ್ಟುಹೋಗಲಿಲ್ಲ. ಆದರೆ ಅಲ್ಲಿ ನಿಂತು ಹೇಳಬೇಕಾಗಿದ್ದವಳು ನಾನಲ್ಲ.